ದುರಿಯನ್: ಮರ, ಹಣ್ಣು ಮತ್ತು ನೆಡುವ ಮೊದಲು ತಿಳಿಯಬೇಕಾದ ಸಂಗತಿಗಳು

ದುರಿಯನ್ ಅಥವಾ ಡ್ಯೂರಿಯನ್ ಆಗ್ನೇಯ ಏಷ್ಯಾದ ಮಳೆಕಾಡುಗಳ ನಿತ್ಯಹರಿದ್ವರ್ಣ ಮರ. ಬೋರ್ನಿಯೊ, ಸುಮಾತ್ರಾ ಮತ್ತು ಮಲಯ ಪರ್ಯಾಯ ದ್ವೀಪ ಇದರ ತವರು. ಸಸ್ಯಶಾಸ್ತ್ರೀಯ ಹೆಸರು ಡೂರಿಯೋ ಜಿಬೆಥಿನಸ್. ಮಲಯ ಭಾಷೆಯಲ್ಲಿ 'ದುರಿ' ಎಂದರೆ ಮುಳ್ಳು. ಹೆಸರಿನ ಎರಡನೆಯ ಭಾಗವು ಪುನುಗು ಬೆಕ್ಕನ್ನು ಸೂಚಿಸುತ್ತದೆ. ಮುಳ್ಳು ಮತ್ತು ವಾಸನೆ ಎರಡೂ ಹೆಸರಿನಲ್ಲಿಯೇ ಸೇರಿಕೊಂಡಿವೆ.

ಕರಾವಳಿ ಮತ್ತು ಮಲೆನಾಡಿನ ಅಡಿಕೆ ತೋಟಗಳನ್ನು ಎಲೆಚುಕ್ಕೆ ರೋಗ ಹಾಗೂ ಹಳದಿ ಎಲೆ ರೋಗಗಳು ಬಾಧಿಸುತ್ತಿರುವುದರಿಂದ ರೈತರು ಪರ್ಯಾಯ ಬೆಳೆಗಳನ್ನು ಹುಡುಕುವುದು ಸಹಜ. ರಾಂಬುಟಾನ್ ಮತ್ತು ಮ್ಯಾಂಗೋಸ್ಟೀನ್‌ಗಳ ಹಿಂದೆಯೇ ದುರಿಯನ್ ಕಸಿ ಗಿಡಗಳೂ ನರ್ಸರಿಗಳಿಗೆ ಬಂದಿವೆ. ಕಸಿ ಗಿಡವೂ ಫಲ ಕೊಡಲು ಐದಾರು ವರ್ಷ ತೆಗೆದುಕೊಳ್ಳುತ್ತದೆ. ಆ ಅವಧಿಯ ನೀರು, ಗೊಬ್ಬರ, ಕೂಲಿ ಮತ್ತು ಜಾಗ ತಮ್ಮದೇ ಆಗಿರುವುದರಿಂದ, ಗಿಡ ಕೊಳ್ಳುವ ಮೊದಲು ಈ ಮರದ ಸ್ವಭಾವವನ್ನು ಅರಿತಿರುವುದು ಅಗತ್ಯ.

ಹಲಸಿನ ಬಂಧುವಲ್ಲ

ಮುಳ್ಳಿನ ಸಿಪ್ಪೆ ಮತ್ತು ಒಳಗಿನ ತೊಳೆಗಳನ್ನು ಕಂಡು ಇದನ್ನು ಹಲಸಿನ ಜಾತಿಗೆ ಸೇರಿಸುವವರು ಬಹಳ ಮಂದಿ. ಮುಳ್ಳು ರಾಮಫಲವನ್ನೇ ದುರಿಯನ್ ಎಂದು ಹೇಳುವುದೂ ಉಂಟು. ಎರಡೂ ತಪ್ಪು. ಹಲಸು ಆಲ, ಅತ್ತಿ, ಹಿಪ್ಪುನೇರಳೆಗಳ ಕುಟುಂಬಕ್ಕೆ ಸೇರಿದ್ದು. ನೂರಾರು ಹೂಗಳು ಕೂಡಿ ಒಂದು ಹಲಸಿನ ಹಣ್ಣಾಗುತ್ತದೆ. ದುರಿಯನ್ ಹತ್ತಿ, ಬೆಂಡೆ, ದಾಸವಾಳ ಮತ್ತು ಬೂರುಗಗಳ ಕುಟುಂಬದ ಮರ. ಇದರಲ್ಲಿ ಒಂದು ಹೂವಿನಿಂದ ಒಂದು ಹಣ್ಣು ಮಾತ್ರ. ಬೆಂಡೆಕಾಯಿ ಬಲಿತು ಒಣಗಿದಾಗ ಗೆರೆಗಳ ಗುಂಟ ಸೀಳುವುದನ್ನು ತಾವು ನೋಡಿದ್ದೀರಿ. ದುರಿಯನ್ ಹಣ್ಣೂ ಹಾಗೆಯೇ ಸಾಮಾನ್ಯವಾಗಿ ಐದು ಗೆರೆಗಳಲ್ಲಿ ಬಿರಿಯುತ್ತದೆ. ಪ್ರತಿ ಕೋಣೆಯಲ್ಲಿ ಬೀಜಗಳನ್ನು ಸುತ್ತಿಕೊಂಡು ಹಳದಿ ಅಥವಾ ಕೆನೆ ಬಣ್ಣದ ಮೃದುವಾದ ತಿರುಳಿರುತ್ತದೆ. ಹಲಸಿನಲ್ಲಿರುವಂತೆ ಮೇಣವಿಲ್ಲ.

ಈ ಕುಟುಂಬದ ಇನ್ನೊಂದು ಮರ ನಮ್ಮ ಪಶ್ಚಿಮ ಘಟ್ಟದಲ್ಲಿಯೇ ಇದೆ. ಘಟ್ಟದ ದಕ್ಷಿಣ ಭಾಗದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೆಳೆಯುವ ಕಲ್ಲೇನಿಯಾ ಎಕ್ಸರಿಲ್ಲೇಟಾ ಎಂಬ ಈ ಮರದ ಕಾಯಿ ದುರಿಯನ್‌ನಂತೆ ಮುಳ್ಳುಮುಳ್ಳಾಗಿದ್ದರೂ ಒಳಗೆ ತಿನ್ನಲು ತಿರುಳಿಲ್ಲ. ಸಿಂಗಳೀಕಗಳಿಗೆ ಇದರ ಹೂ ಮತ್ತು ಬೀಜ ಮುಖ್ಯ ಆಹಾರ. 'ಕಾಡು ದುರಿಯನ್' ಎಂದು ಯಾರಾದರೂ ಇದರ ಸಸಿಯನ್ನು ಮಾರಲು ತಂದರೆ ಹಣ್ಣಿನ ಆಸೆಯಿಂದ ಕೊಳ್ಳಬಾರದು.

ಮರ, ಹೂ ಮತ್ತು ಬಾವಲಿ

ಕಾಡಿನಲ್ಲಿ ದುರಿಯನ್ 25ರಿಂದ 50 ಮೀಟರ್ ಎತ್ತರ ಬೆಳೆಯುತ್ತದೆ. ತೋಟದ ಕಸಿ ಮರಗಳನ್ನು ಸವರಿ 8ರಿಂದ 12 ಮೀಟರ್‌ಗೆ ಇಟ್ಟುಕೊಳ್ಳುವುದು ರೂಢಿ. ಎಲೆಯ ಮೇಲ್ಭಾಗ ಹೊಳೆಯುವ ಹಸಿರು, ಕೆಳಭಾಗ ತಾಮ್ರದ ಬಣ್ಣ. ನರ್ಸರಿಯಲ್ಲಿ ಗಿಡವನ್ನು ಗುರುತಿಸಲು ಇದು ಸುಲಭದ ಲಕ್ಷಣ.

ಹೂಗಳು ಎಳೆಯ ಚಿಗುರಿನಲ್ಲಿ ಬಿಡುವುದಿಲ್ಲ. ಬಲಿತ ದಪ್ಪ ಕೊಂಬೆಗಳ ಮೇಲೆ ಗೊಂಚಲಾಗಿ ಬಿಡುತ್ತವೆ. ಮೊಗ್ಗು ಕಾಣಿಸಿಕೊಂಡ ಮೇಲೆ ಅರಳಲು ಆರರಿಂದ ಎಂಟು ವಾರ ಬೇಕು. ಸಂಜೆಯ ಹೊತ್ತಿಗೆ ಅರಳುವ ಹೂವಿನ ಕೇಸರಗಳು ರಾತ್ರಿ ಏಳು-ಎಂಟರ ಸುಮಾರಿಗೆ ಪರಾಗ ಬಿಡುತ್ತವೆ. ಬೆಳಗಾಗುವಷ್ಟರಲ್ಲಿ ದಳಗಳು ಮತ್ತು ಕೇಸರಗಳು ಮರದ ಕೆಳಗೆ ಉದುರಿಬಿದ್ದಿರುತ್ತವೆ. ಈ ವೇಳಾಪಟ್ಟಿ ಬಾವಲಿಗಳಿಗಾಗಿಯೇ ಏರ್ಪಟ್ಟಿದೆ. ಮಲೇಷ್ಯಾ ಮತ್ತು ಥಾಯ್ಲೆಂಡ್‌ಗಳಲ್ಲಿ ಗುಹೆಗಳಲ್ಲಿ ವಾಸಿಸುವ ಮಕರಂದ ಬಾವಲಿಯು ಇದರ ಮುಖ್ಯ ಪರಾಗವಾಹಕ. ಹೆಜ್ಜೇನುಗಳೂ ಹೂವಿಗೆ ಬರುತ್ತವೆ.

ಮಲೇಷ್ಯಾದ ಟಿಯೊಮನ್ ದ್ವೀಪದ ಬೆಳೆಗಾರರು ದೊಡ್ಡ ಬಾವಲಿಗಳು ಹೂವನ್ನು ತಿಂದು ಹಾಳುಮಾಡುತ್ತವೆ ಎಂದು ಬಹುಕಾಲ ನಂಬಿದ್ದರು. ಸಂಶೋಧಕರು ಮರದ ಮೇಲೆ ಕ್ಯಾಮೆರಾ ಕಟ್ಟಿ ನೋಡಿದಾಗ ಬಾವಲಿಗಳು ಹೂವನ್ನು ಕೆಡಿಸದೆ ಮಕರಂದವನ್ನು ನೆಕ್ಕಿ ಹೋಗುತ್ತಿದ್ದುದೂ, ಅವು ಬಂದುಹೋದ ಹೂಗಳು ಕಾಯಿ ಕಟ್ಟುತ್ತಿದ್ದುದೂ ಕಂಡುಬಂತು. ಬಾವಲಿ ಚೀಪಿದ ಅಡಿಕೆಯನ್ನು ತೋಟದಲ್ಲಿ ಹೆಕ್ಕುವ ನಮ್ಮವರಿಗೆ ಬಾವಲಿ ಅಪರಿಚಿತವಲ್ಲ. ದುರಿಯನ್ ನೆಟ್ಟವರು ಅದನ್ನು ಓಡಿಸಲು ಪಟಾಕಿ ಸಿಡಿಸಬಾರದು.

ಬಹುತೇಕ ತಳಿಗಳು ತಮ್ಮದೇ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ. ಒಂದೇ ತಳಿಯ ಹತ್ತು ಗಿಡ ನೆಟ್ಟರೂ ಅವೆಲ್ಲ ಒಂದೇ ಮರದ ಕೊಂಬೆಗಳಿದ್ದಂತೆ. ಪರಾಗದ ದೃಷ್ಟಿಯಿಂದ ಅದು ಒಂಟಿ ಮರವೇ. 'ಹೂವೇನೋ ತುಂಬ ಬರುತ್ತದೆ, ಕಾಯಿ ನಿಲ್ಲುವುದಿಲ್ಲ' ಎಂಬ ದೂರು ಕೇಳಿಬಂದಾಗ ವಿಸ್ತರಣಾ ಕಾರ್ಯಕರ್ತರು ಗೊಬ್ಬರದ ಮಾತೆತ್ತುವ ಮೊದಲು ತೋಟದಲ್ಲಿ ಎಷ್ಟು ತಳಿಗಳಿವೆ ಎಂದು ವಿಚಾರಿಸುವುದು ಒಳಿತು. ಕನಿಷ್ಠ ಎರಡು, ಸಾಧ್ಯವಾದರೆ ಮೂರು ತಳಿಗಳನ್ನು ಬೆರೆಸಿ ನೆಡಬೇಕು. ಥಾಯ್ಲೆಂಡ್‌ನ ಬೆಳೆಗಾರರು ಇದನ್ನೂ ಬಾವಲಿಗೆ ಬಿಡದೆ, ರಾತ್ರಿ ಏಳೂವರೆಯ ಹೊತ್ತಿಗೆ ತಲೆಗೆ ದೀಪ ಕಟ್ಟಿಕೊಂಡು ಮರ ಹತ್ತಿ, ಬೇರೆ ತಳಿಯ ಪರಾಗವನ್ನು ಕುಂಚದಿಂದ ಶಲಾಕಾಗ್ರಕ್ಕೆ ಸವರುತ್ತಾರೆ. ಹೀಗೆ ಮಾಡಿದ ಹಣ್ಣಿನ ಎಲ್ಲ ಕೋಣೆಗಳೂ ತುಂಬಿ ಆಕಾರ ಸಮನಾಗಿರುತ್ತದೆ. ಪರಾಗ ಸಾಲದ ಹಣ್ಣು ಒಂದು ಪಕ್ಕಕ್ಕೆ ಸೊಟ್ಟಗಾಗುತ್ತದೆ.

ಹವಾಗುಣ: ನಮ್ಮಲ್ಲಿ ಹೊಂದುವುದೆಷ್ಟು, ಹೊಂದದಿರುವುದೆಷ್ಟು

24ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ, ಶೇ 75ಕ್ಕೂ ಮೇಲ್ಪಟ್ಟ ಆರ್ದ್ರತೆ ಮತ್ತು ವರ್ಷಕ್ಕೆ 1500 ಮಿ.ಮೀ.ಗೂ ಹೆಚ್ಚಿನ, ಹಂಚಿಹೋದ ಮಳೆ ಈ ಮರಕ್ಕೆ ಬೇಕು. ಉಷ್ಣಾಂಶ 22 ಡಿಗ್ರಿಗಿಂತ ಕೆಳಗಿಳಿದರೆ ಬೆಳವಣಿಗೆ ಕುಂಠಿತವಾಗುತ್ತದೆ. ಬಯಲುಸೀಮೆಯ ಒಣ ಗಾಳಿ ಇದಕ್ಕೆ ಆಗದು. ಹನಿ ನೀರಾವರಿ ಇದ್ದ ಮಾತ್ರಕ್ಕೆ ಗಾಳಿಯ ತೇವ ಹೆಚ್ಚುವುದಿಲ್ಲವಾದ್ದರಿಂದ ಕೊಳವೆಬಾವಿಯ ಬಲದ ಮೇಲೆ ಒಣ ಪ್ರದೇಶದಲ್ಲಿ ದುರಿಯನ್ ನೆಡುವುದು ಸಲ್ಲದು.

ಕರಾವಳಿ ಹಾಗೂ ಘಟ್ಟದ ತಪ್ಪಲಿನಲ್ಲಿ ಮಳೆಯ ಮೊತ್ತಕ್ಕೆ ಕೊರತೆಯಿಲ್ಲ. ತೊಡಕಿರುವುದು ಅದರ ಹಂಚಿಕೆಯಲ್ಲಿ. ತವರಿನಲ್ಲಿ ಹೂ ಬಿಡಲು ಎರಡು ಮೂರು ವಾರಗಳ ಒಣ ಹವೆ ಸಾಕು. ನಮ್ಮಲ್ಲಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೂ ಒಣ ಕಾಲವೇ. ಮೊಗ್ಗು ಕಂಡ ನಂತರ ನೀರು ನಿಲ್ಲಿಸಿದರೆ ಮೊಗ್ಗು ಒಣಗುತ್ತದೆ, ಒಮ್ಮೆಲೇ ಹೆಚ್ಚು ಕೊಟ್ಟರೆ ಮರ ಚಿಗುರಿಗೆ ತಿರುಗಿ ಹೂ-ಕಾಯಿ ಉದುರುತ್ತದೆ. ಆದ್ದರಿಂದ ಮೊಗ್ಗು ಕಂಡ ಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಹೋಗಬೇಕು. ಮಾರ್ಚ್-ಏಪ್ರಿಲ್‌ನಲ್ಲಿ ಬತ್ತುವ ಬಾವಿ ಅಥವಾ ಕೆರೆಯನ್ನು ನೆಚ್ಚಿದ ತೋಟಕ್ಕೆ ಇದು ತಕ್ಕ ಬೆಳೆಯಲ್ಲ.

ಇನ್ನೊಂದು ಲೆಕ್ಕವನ್ನೂ ಗಮನಿಸಬೇಕು. ಹೂವಿನಿಂದ ಕೊಯ್ಲಿಗೆ ತಳಿಗನುಗುಣವಾಗಿ ಸುಮಾರು 95ರಿಂದ 130 ದಿನ. ಫೆಬ್ರವರಿ ಕೊನೆ ಅಥವಾ ಮಾರ್ಚ್ ಆರಂಭದಲ್ಲಿ ಅರಳಿದ ಹೂವಿನ ಹಣ್ಣು ಬಲಿಯುವುದು ಜೂನ್-ಜುಲೈನಲ್ಲಿ, ಅಂದರೆ ಮುಂಗಾರಿನ ಜೋರು ಮಳೆಯಲ್ಲಿ. ಆ ಹೊತ್ತಿನ ಅತಿ ಮಳೆಯಿಂದ ತಿರುಳು ನೀರಾಗುವುದು, ಒಂದೇ ಹಣ್ಣಿನಲ್ಲಿ ಕೆಲವು ತೊಳೆ ಗಟ್ಟಿಯಾಗಿ ಉಳಿಯುವುದು ಮತ್ತು ಹಣ್ಣು ಕೊಳೆಯುವುದು ಹೆಚ್ಚುತ್ತದೆ.

ನಮ್ಮ ನೆರೆಯಲ್ಲಿ ಈ ಮರ ಹೊಸತೇನಲ್ಲ. ತಮಿಳುನಾಡಿನ ಮೇಟ್ಟುಪಾಳಯದಿಂದ ಕೂನೂರಿಗೆ ಏರುವ ದಾರಿಯಲ್ಲಿರುವ ಕಲ್ಲಾರ್ ಮತ್ತು ಬರ್ಲಿಯಾರ್ ಸರ್ಕಾರಿ ಹಣ್ಣಿನ ತೋಟಗಳಲ್ಲಿ ಹಳೆಯ ದುರಿಯನ್ ಮರಗಳು ಫಲ ಕೊಡುತ್ತಿವೆ. ಕೇರಳದ ಮನೆತೋಟಗಳಲ್ಲೂ ಅಲ್ಲಲ್ಲಿ ಇವೆ. ಮರ ಬದುಕುತ್ತದೆ, ಫಲವನ್ನೂ ಕೊಡುತ್ತದೆ ಎಂಬುದಕ್ಕೆ ಇವು ಸಾಕ್ಷಿ. ಆದರೆ ಬೆರಳೆಣಿಕೆಯ ಮರಗಳು ಚೆನ್ನಾಗಿರುವುದಕ್ಕೂ ಎಕರೆಗಟ್ಟಲೆ ತೋಟ ಲಾಭ ಕೊಡುವುದಕ್ಕೂ ನಡುವೆ ಬಹಳ ಅಂತರವಿದೆ.

ತಳಿಗಳು ಮತ್ತು ಗಿಡದ ಆಯ್ಕೆ

ಥಾಯ್ಲೆಂಡ್‌ನ ಮುಖ್ಯ ವಾಣಿಜ್ಯ ತಳಿ ಮೊಂಥಾಂಗ್. ದೊಡ್ಡ ಹಣ್ಣು, ದಪ್ಪ ತಿರುಳು, ವಾಸನೆ ಸೌಮ್ಯ. ಚನೀ ಅದಕ್ಕಿಂತ ಬೇಗ ಬಲಿಯುತ್ತದೆ. ಕ್ರಾಡುಂ ಇನ್ನೂ ಬೇಗ. ಮಲೇಷ್ಯಾದಲ್ಲಿ ತಳಿಗಳಿಗೆ ನೋಂದಣಿ ಸಂಖ್ಯೆ ಇದೆ: ಡಿ24 ಹಳೆಯ ಜನಪ್ರಿಯ ತಳಿ, 1993ರಲ್ಲಿ ನೋಂದಣಿಯಾದ ಡಿ197 ಎಂಬುದೇ ಮುಸಾಂಗ್ ಕಿಂಗ್, ಡಿ200 ಎಂಬುದು ಬ್ಲ್ಯಾಕ್ ಥಾರ್ನ್. ವಿಯೆಟ್ನಾಂನಲ್ಲಿ ರಿ6 ಮತ್ತು ಮೊಂಥಾಂಗ್ ಹೆಚ್ಚು.

ಬೀಜದ ಸಸಿ ತಾಯಿಯ ಗುಣವನ್ನು ಉಳಿಸಿಕೊಳ್ಳುವುದಿಲ್ಲ. ಫಲಕ್ಕೆ 8-10 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಯಬೇಕು. ಹೀಗಾಗಿ 'ಮುಸಾಂಗ್ ಕಿಂಗ್ ಬೀಜದ ಗಿಡ' ಎಂಬ ಮಾತಿಗೆ ಅರ್ಥವಿಲ್ಲ. ಬೀಜವನ್ನು ಬೇರುಸಸಿಗೆ ಬಳಸಬಹುದು. ಅದನ್ನೂ ಒಣಗಿಸದೆ, ಹಣ್ಣಿನಿಂದ ತೆಗೆದ ಒಂದೆರಡು ದಿನಗಳಲ್ಲೇ ಬಿತ್ತಬೇಕು. ಒಣಗಿದರೆ ಮೊಳೆಯುವ ಶಕ್ತಿ ವಾರದೊಳಗೆ ಹೋಗುತ್ತದೆ. ಎಳೆಯ ಸಸಿಗೆ ಬೆಣೆ ಕಸಿ ಅಥವಾ ಕಣ್ಣು ಕಸಿ ಮಾಡುವುದು ರೂಢಿಯಲ್ಲಿದೆ.

ಗಿಡ ಕೊಳ್ಳುವಾಗ ಕಸಿ ಕಟ್ಟಿದ ಗಂಟು ಸ್ಪಷ್ಟವಾಗಿ ಕಾಣುತ್ತಿದೆಯೇ, ಕಸಿಯ ಕೆಳಗಿನ ಚಿಗುರನ್ನೇ ತಳಿಯ ಚಿಗುರೆಂದು ಬೆಳೆಸಿಲ್ಲವೇ, ಚೀಲದಲ್ಲಿ ಬೇರು ಸುರುಳಿ ಸುತ್ತಿಲ್ಲವೇ ಎಂಬುದನ್ನು ನೋಡಿರಿ. ಸಾಧ್ಯವಾದರೆ ಕಸಿ ಕೊಂಬೆ ತೆಗೆದ ತಾಯಿ ಮರವನ್ನೂ ಅದರ ಹಣ್ಣನ್ನೂ ಕಂಡೇ ಕೊಳ್ಳಿರಿ. ತಳಿಯ ಹೆಸರು ಬರೆದ ರಸೀದಿ ಕೇಳಿ ಪಡೆಯಿರಿ. ಆರು ವರ್ಷಗಳ ಬಳಿಕ ತಕರಾರು ಬಂದರೆ ತಮ್ಮ ಕೈಯಲ್ಲಿರುವ ದಾಖಲೆ ಅದೊಂದೇ. ವಿದೇಶ ಪ್ರವಾಸದಿಂದ ಕಸಿ ಕಡ್ಡಿ ಅಥವಾ ಗಿಡವನ್ನು ಪೆಟ್ಟಿಗೆಯಲ್ಲಿ ತರುವುದು 2003ರ ಸಸ್ಯ ಕ್ವಾರಂಟೈನ್ ಆದೇಶಕ್ಕೆ ವಿರುದ್ಧ. ಇದಕ್ಕೆ ಆಮದು ಪರವಾನಗಿ ಮತ್ತು ರೋಗಮುಕ್ತ ಪ್ರಮಾಣಪತ್ರ ಕಡ್ಡಾಯ. ಕಡ್ಡಿಯ ಜೊತೆಗೆ ಬರುವ ರೋಗ ಒಬ್ಬರ ತೋಟದಲ್ಲೇ ನಿಲ್ಲುವುದಿಲ್ಲ.

ನೆಡುವುದು ಮತ್ತು ಪೋಷಣೆ

ಆಳವಾದ, ನೀರು ಬಸಿದುಹೋಗುವ, ಸಾವಯವ ಅಂಶವುಳ್ಳ ಗೋಡುಮಣ್ಣು ಉತ್ತಮ. ರಸಸಾರ 5ರಿಂದ 6.5 ಇರಬೇಕು. ಗದ್ದೆಯನ್ನು ತೋಟವಾಗಿಸಿದ ಜಾಗ ಬೇಡ. ಇಳಿಜಾರಿನಲ್ಲಿ ನೆಡುವುದು ಒಳ್ಳೆಯದು. ಸಮತಟ್ಟಾಗಿದ್ದರೆ ಮಣ್ಣು ಏರಿಸಿ ದಿಬ್ಬದ ಮೇಲೆ ನೆಟ್ಟು ಬಸಿಗಾಲುವೆ ತೆಗೆಯಬೇಕು. 10 ಮೀಟರ್ ಅಂತರದಲ್ಲಿ ಎಕರೆಗೆ 40 ಗಿಡ ಹಿಡಿಯುತ್ತವೆ. ಅಡಿಕೆಯ ನಡುವೆ ತುರುಕಿದರೆ ಎರಡೂ ಕೆಡುತ್ತವೆ.

ಮೊದಲ ಒಂದೆರಡು ವರ್ಷ ಅರೆನೆರಳು ಬೇಕು. ಬಾಳೆ ಅಥವಾ ಗ್ಲಿರಿಸಿಡಿಯಾ ಸಾಕು. ಬುಡಕ್ಕೆ ದರಗಿನ ಹೊದಿಕೆ ಕೊಡುವಾಗ ಅದು ಕಾಂಡವನ್ನು ಮುಟ್ಟದಂತೆ ಒಂದು ಗೇಣು ಬಿಟ್ಟು ಹರಡಿರಿ. ನೆಲದಿಂದ ಸುಮಾರು ಒಂದು ಮೀಟರ್‌ವರೆಗಿನ ಪಕ್ಕದ ಕೊಂಬೆಗಳನ್ನು ತೆಗೆದು, ನೇರವಾದ ಒಂದೇ ಕಾಂಡ ಉಳಿಸಿ, ಅಡ್ಡಲಾಗಿ ಚಾಚುವ ಕೊಂಬೆಗಳನ್ನು ಬೆಳೆಸಬೇಕು. ಹಣ್ಣು ಬಿಡುವುದು ಅವುಗಳಲ್ಲಿಯೇ.

ಗೊಬ್ಬರದ ಪ್ರಮಾಣವನ್ನು ಮಣ್ಣು ಪರೀಕ್ಷೆಯ ಮೇಲೆ ನಿರ್ಧರಿಸಿಕೊಳ್ಳಿರಿ. ಒಂದು ಎಚ್ಚರಿಕೆ ಮಾತ್ರ ಅವಶ್ಯ. ದುರಿಯನ್‌ಗೆ ಕ್ಲೋರೈಡ್ ಸಹನೆ ಕಡಿಮೆ; ಎಲೆಯ ತುದಿ ಸುಡುತ್ತದೆ. ಪೊಟ್ಯಾಷನ್ನು ಮ್ಯುರಿಯೇಟ್ ರೂಪದ ಬದಲು ಸಲ್ಫೇಟ್ ರೂಪದಲ್ಲಿ ಕೊಡಬೇಕು. ತೆಂಗಿಗೆ ಕ್ಲೋರೈಡ್ ಹಿತ. ಆದಕಾರಣ ತೆಂಗಿನ ತೋಟದ ಅಂಚಿಗೆ ದುರಿಯನ್ ನೆಟ್ಟವರು ಎರಡಕ್ಕೂ ಒಂದೇ ಚೀಲದಿಂದ ಗೊಬ್ಬರ ಹಾಕುವಂತಿಲ್ಲ. ಕಡಲ ಸಮೀಪದ ಉಪ್ಪುನೀರಿನ ಬಾವಿಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಥಾಯ್ಲೆಂಡ್‌ನಲ್ಲಿ ಹೂವನ್ನು ಮುಂಚಿತವಾಗಿ ಬರಿಸಲು ಪ್ಯಾಕ್ಲೊಬ್ಯುಟ್ರಜಾಲ್ ಬಳಸುತ್ತಾರೆ. ಅದನ್ನು ನೋಡಿ ಎಳೆಯ ಮರಕ್ಕೆ ಇಲ್ಲಿ ಹಾಕಿದರೆ ಬೆಳವಣಿಗೆಯೇ ನಿಂತುಹೋಗಬಹುದು.

ಕೊಳೆ: ಎಲ್ಲಕ್ಕಿಂತ ದೊಡ್ಡ ಅಪಾಯ

ದುರಿಯನ್ ಬೆಳೆಯುವ ಎಲ್ಲ ದೇಶಗಳಲ್ಲೂ ಅತಿ ಹೆಚ್ಚು ಮರಗಳನ್ನು ಕೊಲ್ಲುವುದು ಫೈಟಾಫ್ಥೊರಾ ಪಾಮಿವೋರಾ ಎಂಬ ಶಿಲೀಂಧ್ರಸದೃಶ ರೋಗಾಣು. ಬೇರು ಕೊಳೆ, ಕಾಂಡದ ಹುಣ್ಣು, ಎಲೆ ಮತ್ತು ಹಣ್ಣು ಕೊಳೆ, ಈ ಎಲ್ಲವೂ ಇದರ ಕೆಲಸ. ನಮ್ಮ ರೈತರಿಗೆ ಈ ಹೆಸರು ದೂರದ್ದಲ್ಲ. ಅಡಿಕೆಯ ಕೊಳೆರೋಗ ಮತ್ತು ಕಾಳುಮೆಣಸಿನ ಸೊರಗು ರೋಗ ಇದೇ ಕುಲದ ಬೇರೆ ಪ್ರಭೇದಗಳಿಂದ ಬರುತ್ತವೆ. ತೆಂಗಿನ ಸುಳಿ ಕೊಳೆ ಮತ್ತು ಕೋಕೋದ ಕಪ್ಪು ಕಾಯಿ ಕೊಳೆಗಳಿಗೆ ಕಾರಣವಂತೂ ಇದೇ ಪ್ರಭೇದ. ಅಂದರೆ ಕೋಕೋ ಮತ್ತು ತೆಂಗು ಇರುವ ತೋಟಕ್ಕೆ ದುರಿಯನ್ ತಂದಾಗ, ಅದನ್ನು ಕೊಲ್ಲಬಲ್ಲ ರೋಗಾಣು ಅಲ್ಲಿ ಮೊದಲೇ ಇರುವ ಸಾಧ್ಯತೆ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಅದಕ್ಕೆ ಅನುಕೂಲ ಒದಗಿಸುತ್ತದೆ.

ಕಾಂಡದ ತೊಗಟೆ ಒಂದೆಡೆ ಒದ್ದೆಯಾದಂತೆ ಕಪ್ಪಾಗಿ ಕಂದು ಅಂಟು ಒಸರುವುದು ಮೊದಲ ಚಿಹ್ನೆ. ಮುಂಜಾನೆ ನೋಡಿದರೆ ಚೆನ್ನಾಗಿ ಕಾಣುತ್ತದೆ. ತೊಗಟೆ ಕೆರೆದಾಗ ಒಳಭಾಗ ಕಂದುಗೆಂಪಾಗಿದ್ದರೆ ರೋಗ ಖಚಿತವೆಂದೇ ತಿಳಿಯಬೇಕು. ಕೊಂಬೆಯ ಎಲೆ ಹಳದಿಯಾಗಿ ಉದುರುವವರೆಗೆ ಕಾದರೆ ಹುಣ್ಣು ಕಾಂಡವನ್ನು ಸುತ್ತುವರಿದಿರುತ್ತದೆ. ಆರಂಭದಲ್ಲಿಯೇ ರೋಗದ ತೊಗಟೆಯನ್ನು ಆರೋಗ್ಯವಂತ ಭಾಗ ಕಾಣುವವರೆಗೆ ಕೆತ್ತಿ ತೆಗೆದು, ಬೋರ್ಡೊ ಮುಲಾಮು ಹಚ್ಚಿ, ಕೆತ್ತಿದ ಚೂರುಗಳನ್ನು ಸುಟ್ಟುಹಾಕಬೇಕು. ಮುಂಗಾರಿಗೆ ಮೊದಲು ಕಾಂಡ ಮತ್ತು ಬುಡಕ್ಕೆ ಶೇ 1ರ ಬೋರ್ಡೊ ದ್ರಾವಣ, ಮಳೆ ನಿಂತ ಮೇಲೆ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ ನಮ್ಮ ತೋಟಗಳಿಗೆ ಪರಿಚಿತ ಕ್ರಮಗಳು. ಎರಡನ್ನೂ ಒಟ್ಟಿಗೆ ಬಳಸಬಾರದು. ತಾಮ್ರವು ಟ್ರೈಕೋಡರ್ಮಾವನ್ನು ಕೊಲ್ಲುತ್ತದೆ. ಥಾಯ್ಲೆಂಡ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಕಾಂಡಕ್ಕೆ ಫಾಸ್ಫೊನೇಟ್ ಚುಚ್ಚುವ ಪದ್ಧತಿ ಇದೆ. ಇದನ್ನು ಕೃಷಿ ವಿಜ್ಞಾನ ಕೇಂದ್ರದ ತಜ್ಞರ ಸಲಹೆಯಿಲ್ಲದೆ ಮಾಡಬೇಡಿರಿ. ಬಸಿಗಾಲುವೆ ಸರಿಯಿಲ್ಲದ ಕಡೆ ಯಾವ ಔಷಧಿಯೂ ನಿಲ್ಲದು.

ಕೀಟಗಳಲ್ಲಿ ಮಾವನ್ನು ಕಾಡುವ ಕಾಂಡ ಕೊರೆಯುವ ದುಂಬಿ ಇದಕ್ಕೂ ಬರುತ್ತದೆ. ಏಲಕ್ಕಿ ಮತ್ತು ಹರಳಿನ ಕಾಯಿ ಕೊರಕಗಳ ಕುಲಕ್ಕೇ ಸೇರಿದ ಹುಳು ಒತ್ತೊತ್ತಾಗಿರುವ ಹಣ್ಣುಗಳ ನಡುವೆ ಸೇರಿಕೊಳ್ಳುತ್ತದೆ. ಎಳೆ ಕಾಯಿಯಲ್ಲೇ ವಿರಳಗೊಳಿಸಿ ಹಣ್ಣಿಗೆ ಹಣ್ಣು ತಾಗದಂತೆ ನೋಡಿಕೊಂಡರೆ ಈ ಬಾಧೆ ತಗ್ಗುತ್ತದೆ.

ಕೊಯ್ಲು

ಮಲೇಷ್ಯಾದಲ್ಲಿ ಹಣ್ಣು ತಾನಾಗಿ ಬೀಳುವವರೆಗೆ ಕಾಯುತ್ತಾರೆ. ಬಿದ್ದ ಹಣ್ಣಿನ ಪರಿಮಳ ಪೂರ್ಣವಾಗಿರುತ್ತದೆ. ಆದರೆ ಒಂದೆರಡು ದಿನಗಳಲ್ಲಿ ತಿಂದು ಮುಗಿಸಬೇಕು. ಥಾಯ್ಲೆಂಡ್‌ನಲ್ಲಿ ಬಲಿತ ಕಾಯನ್ನೇ ಕೊಯ್ಯುತ್ತಾರೆ. ಒಬ್ಬ ಮರದ ಮೇಲಿಂದ ಕತ್ತರಿಸಿ ಬಿಟ್ಟರೆ ಕೆಳಗಿರುವವನು ಗೋಣಿಚೀಲದಲ್ಲಿ ಹಿಡಿಯುತ್ತಾನೆ. ದೂರದ ಮಾರುಕಟ್ಟೆಗೆ ಇದೇ ಸರಿಯಾದ ಕ್ರಮ. ತೊಟ್ಟು ದಪ್ಪಗಾಗಿ ಗಂಟು ಉಬ್ಬುವುದು, ಮುಳ್ಳಿನ ತುದಿ ಕಂದಾಗಿ ಎರಡು ಮುಳ್ಳುಗಳನ್ನು ಸೇರಿಸಿ ಹಿಸುಕಿದಾಗ ಬಾಗುವುದು, ತಟ್ಟಿದರೆ ಟೊಳ್ಳು ಸದ್ದು ಬರುವುದು ಬಲಿತದ್ದರ ಗುರುತು. ಹಲಸಿನ ಕಾಯಿ ತಟ್ಟಿ ಹೇಳಬಲ್ಲವರಿಗೆ ಈ ಸದ್ದು ಬೇಗ ಕೈವಶವಾದೀತು. ಇವೆಲ್ಲಕ್ಕಿಂತ ಹೂ ಅರಳಿದ ದಿನಾಂಕವನ್ನು ಕೊಂಬೆಗೆ ಚೀಟಿ ಕಟ್ಟಿ ಬರೆದಿಡುವುದೇ ನಂಬಲರ್ಹ. ಎಳೆಯದನ್ನು ಕೊಯ್ದರೆ ಎಷ್ಟು ದಿನವಿಟ್ಟರೂ ರುಚಿ ಬಾರದು.

ಒಂದು ಹಣ್ಣು ಸಾಮಾನ್ಯವಾಗಿ 1ರಿಂದ 3 ಕೆ.ಜಿ. ತೂಗುತ್ತದೆ, ಅದರಲ್ಲಿ ತಿನ್ನುವ ಭಾಗ ಮೂರನೆಯ ಒಂದಂಶಕ್ಕಿಂತಲೂ ಕಡಿಮೆ. ಇಷ್ಟು ತೂಕದ ಮುಳ್ಳಿನ ಹಣ್ಣು ಎತ್ತರದಿಂದ ಬೀಳುವಾಗ ತಲೆಗೆ ತಾಗಿದರೆ ಪ್ರಾಣಾಪಾಯ. ಅಂಗಳ, ಕೊಟ್ಟಿಗೆ, ಕಾಲುದಾರಿಗಳ ಬಳಿ ನೆಡಬೇಡಿರಿ. ಹಣ್ಣಿನ ಕಾಲದಲ್ಲಿ ಮರದ ಕೆಳಗೆ ಹೋಗುವ ಕೂಲಿಯವರಿಗೆ ಶಿರಸ್ತ್ರಾಣ ಕೊಡಿರಿ. ಕಾಯಿಯನ್ನು ಮೇಲಿನ ಕೊಂಬೆಗೆ ಹಗ್ಗದಿಂದ ಕಟ್ಟುವ ಥಾಯ್ ಪದ್ಧತಿ ಕೊಂಬೆಯನ್ನೂ ತಲೆಯನ್ನೂ ಕಾಪಾಡುತ್ತದೆ.

ವಾಸನೆ ಮತ್ತು ಮಾರುಕಟ್ಟೆ

ವಾಸನೆಗೆ ಕಾರಣ ಹಣ್ಣಿನಲ್ಲಿರುವ ಗಂಧಕಯುಕ್ತ ಸಂಯುಕ್ತಗಳು. ಕೊಳೆತ ಈರುಳ್ಳಿಯ ನಾತವೂ ಮಾಗಿದ ಹಣ್ಣಿನ ಸಿಹಿ ಕಂಪೂ ಒಟ್ಟಿಗೆ ಬರುತ್ತವೆ. 2017ರಲ್ಲಿ ಸಿಂಗಪುರದ ವಿಜ್ಞಾನಿಗಳು ಮುಸಾಂಗ್ ಕಿಂಗ್ ತಳಿಯ ವಂಶವಾಹಿ ಸಮೂಹವನ್ನು ಓದಿ, ಈ ಸಂಯುಕ್ತಗಳ ಉತ್ಪತ್ತಿಗೆ ಸಂಬಂಧಿಸಿದ ವಂಶವಾಹಿಯ ಪ್ರತಿಗಳು ದುರಿಯನ್‌ನಲ್ಲಿ ಹೆಚ್ಚಿರುವುದನ್ನು ತೋರಿಸಿದರು. ಅದೇ ಸಿಂಗಪುರದ ಮೆಟ್ರೊ ರೈಲಿನಲ್ಲಿ ದುರಿಯನ್ ಒಯ್ಯುವುದಕ್ಕೆ ನಿಷೇಧವಿದೆ. ನಮ್ಮ ಬಸ್ಸಿನ ನಿರ್ವಾಹಕರೂ ಒಪ್ಪಲಾರರು; ಸಾಗಣೆಯ ವ್ಯವಸ್ಥೆಯನ್ನು ಮೊದಲೇ ಯೋಚಿಸಿಕೊಳ್ಳಬೇಕು.

ಅಂತರರಾಷ್ಟ್ರೀಯ ಬೆಲೆಯನ್ನು ನಡೆಸುತ್ತಿರುವುದು ಚೀನಾ ಒಂದೇ ದೇಶ. 2023ರಲ್ಲಿ ಅದು ಸುಮಾರು 14 ಲಕ್ಷ ಟನ್ ತಾಜಾ ದುರಿಯನ್ ಆಮದು ಮಾಡಿಕೊಂಡಿತು. ಥಾಯ್ಲೆಂಡ್‌ಗೆ ಜೊತೆಯಾಗಿ 2022ರಿಂದ ವಿಯೆಟ್ನಾಂ, 2024ರಿಂದ ಮಲೇಷ್ಯಾದ ತಾಜಾ ಹಣ್ಣಿಗೂ ಚೀನಾದ ಬಾಗಿಲು ತೆರೆಯಿತು. ಜಾಲತಾಣಗಳಲ್ಲಿ ಕಾಣುವ ಬೆಲೆಗಳು ಆ ಮಾರುಕಟ್ಟೆಯವು. ನಮ್ಮ ಊರಿನ ಸಂತೆಯವಲ್ಲ. ನಮ್ಮಲ್ಲಿ ಕೊಳ್ಳುವವರು ಮಹಾನಗರಗಳ ಕೆಲವು ಅಂಗಡಿಗಳು ಮತ್ತು ಕುತೂಹಲಿಗಳು ಮಾತ್ರ. ತಮ್ಮ ಹಣ್ಣನ್ನು ಯಾರು, ಯಾವ ದರಕ್ಕೆ, ಎಷ್ಟು ದಿನಗಳೊಳಗೆ ಒಯ್ಯುವರೆಂಬುದಕ್ಕೆ ಉತ್ತರ ಸಿಗುವವರೆಗೆ ಬೇರೆ ಬೇರೆ ತಳಿಯ ಮೂರರಿಂದ ಐದು ಗಿಡಗಳಿಗಿಂತ ಹೆಚ್ಚು ನೆಡದಿರುವುದು ವಿವೇಕ. ಇರುವ ತೋಟ ಕಡಿದು ನೆಡುವ ಆಲೋಚನೆಯಂತೂ ಬೇಡ.

ಸೇವನೆ ಮತ್ತು ನಂಬಿಕೆಗಳು

ನೂರು ಗ್ರಾಂ ತಿರುಳಿನಲ್ಲಿ ಸುಮಾರು 147 ಕ್ಯಾಲೊರಿ, 27 ಗ್ರಾಂ ಶರ್ಕರಪಿಷ್ಟ ಮತ್ತು 5 ಗ್ರಾಂ ಕೊಬ್ಬು ಇರುತ್ತದೆ. ಹಣ್ಣುಗಳಲ್ಲಿ ಕೊಬ್ಬು ಇಷ್ಟಿರುವುದು ಅಪರೂಪ. ಪೊಟ್ಯಾಸಿಯಂ 436 ಮಿಲಿಗ್ರಾಂ ಇರುವುದರಿಂದ ಮೂತ್ರಪಿಂಡದ ಕಾಯಿಲೆಯವರು, ಸಕ್ಕರೆ ಅಂಶದಿಂದಾಗಿ ಮಧುಮೇಹಿಗಳು ವೈದ್ಯರನ್ನು ಕೇಳಿ ತಿನ್ನಬೇಕು. ಮದ್ಯದೊಂದಿಗೆ ಸೇವಿಸಬಾರದು, ದುರಿಯನ್‌ನ ಸಾರವು ಮದ್ಯವನ್ನು ಅರಗಿಸುವ ಕಿಣ್ವವೊಂದನ್ನು ತಡೆಯುತ್ತದೆಂದು ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ಪ್ರಯೋಗಾಲಯದ ಅಧ್ಯಯನ ತೋರಿಸಿದೆ. ಬೀಜವನ್ನು ಹಲಸಿನ ಬೀಜದಂತೆ ಬೇಯಿಸಿ ಅಥವಾ ಸುಟ್ಟು ತಿನ್ನಬಹುದು, ಹಸಿಯಾಗಿ ತಿನ್ನಬಾರದು.

ಈ ಹಣ್ಣನ್ನು ತಿಂದರೆ ಮಕ್ಕಳಾಗುತ್ತವೆ ಎಂಬ ನಂಬಿಕೆ ನೀಲಗಿರಿಯ ಸುತ್ತಮುತ್ತ ಬಲವಾಗಿದೆ. ಬರ್ಲಿಯಾರಿನ ಹಣ್ಣಿಗೆ ದೂರದಿಂದ ದಂಪತಿಗಳು ಬಂದು ದುಬಾರಿ ಬೆಲೆ ಕೊಡುವುದು ಇದರಿಂದಲೇ. ಮಾರಾಟಗಾರರಿಗೆ ಇದು ಅನುಕೂಲ. ಆದರೆ ಬಂಜೆತನವನ್ನು ದುರಿಯನ್ ಗುಣಪಡಿಸುತ್ತದೆ ಎಂಬುದು ವೈಜ್ಞಾನಿಕವಾಗಿ ಸಿದ್ಧಪಟ್ಟಿಲ್ಲ. ವಿಸ್ತರಣಾ ಕಾರ್ಯಕರ್ತರು ತರಬೇತಿಗಳಲ್ಲಿ ಈ ಮಾತನ್ನು ಬೆಳೆಯ ಆಕರ್ಷಣೆಯಾಗಿ ಬಳಸಬಾರದು. ಬೆಳೆಗಾರರೂ ಹಣ್ಣಿನ ಚೀಟಿಯ ಮೇಲೆ ಮುದ್ರಿಸಬಾರದು. ಮಕ್ಕಳಿಗಾಗಿ ಹಣ್ಣು ಕೇಳಿಕೊಂಡು ಬಂದ ದಂಪತಿಗೆ ಹಣ್ಣನ್ನು ಹಣ್ಣಿನ ಬೆಲೆಗೆ ಕೊಟ್ಟು, ಇಬ್ಬರೂ ಒಟ್ಟಿಗೆ ವೈದ್ಯರನ್ನು ಕಾಣುವಂತೆ ಹೇಳಿ ಕಳುಹಿಸಿರಿ.